ಬಾತಿನ ದಂಡ

ಆಟಿಕೆ ಕಾರ್ಖಾನೆಯ ಹಿಂದಿನ ಓಣಿ,
ಮಹಡಿ ಮೇಲಿನ ಮನೆ,
ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೆಬ್ಬೆರಳಿನ ಗಾಯ ಮಾಗಿತೆ? ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಸುತ್ತಿಗೆ ಜಾರಿತು ಎಂದು ಹೋದ ಕಾರ್ಡಿನಲ್ಲಿ ನೀನು ಒಂದೇ ಸಾಲು ಬರೆದು ಮುಗಿಸಿದ್ದೆ. ಉಗುರು ಬರೀ ಕಪ್ಪಾಗಿದೆಯೋ ಬಿದ್ದೇ ಹೋಯಿತೋ ಅದನ್ನೂ ಬರೆಯಲಿಲ್ಲ. ಅಮ್ಮ ಎರಡು ದಿನ ಅದನ್ನೇ ಹಿಡಿದುಕೊಂಡಿದ್ದಳು. "ಉಗುರು ಬಿದ್ರೆ ಆರು ತಿಂಗಳು ಉಳಿ ಹಿಡಿಯೋಕಾಗಲ್ಲ" ಎಂದಳು. ಆಮೇಲೆ ತಾನೇ ನೆನಪಾದವಳಂತೆ "ಈಗ ಅವನೆಲ್ಲಿ ಉಳಿ ಹಿಡೀತಾನೆ" ಎಂದು ಸೂಜಿಗೆ ದಾರ ಪೋಣಿಸತೊಡಗಿದಳು. ಅವಳ ಮಂಡಿಯ ಊತ ಇಳಿದಿದೆ. ದಿನಕ್ಕೆ ಒಂದು ಸಲ ಮೆಟ್ಟಿಲು ಇಳಿದು ಹತ್ತುತ್ತಾಳೆ, ಏಳನೇ ಮೆಟ್ಟಿಲ ಮೇಲೆ ಕೂತು ಕೆಳಗಿನ ಮನೆಯವರ ಜೊತೆ ಹತ್ತು ನಿಮಿಷ ಮಾತಾಡಿ ಮತ್ತೆ ಏಳುತ್ತಾಳೆ. ಆಟಿಕೆ ಹಾಕುವ ಬಟ್ಟೆ ಚೀಲಗಳನ್ನು ಈಗಲೂ ಅವಳೇ ಹೊಲಿಯುವುದು. ಕಣ್ಣು ಮಾತ್ರ ಸ್ವಲ್ಪ ಮಂಜು ಎನ್ನುತ್ತಾಳೆ, ಡಾಕ್ಟರ ಹತ್ತಿರ ಕರೆದರೆ "ಸೂಜಿ ಕಾಣ್ತದಲ್ಲ, ಸಾಕು" ಎನ್ನುತ್ತಾಳೆ. ನಾನು ಚೆನ್ನಾಗಿದ್ದೇನೆ. ಈಗ ಅವಳು ಮಲಗಿದ್ದಾಳೆ. ಅವಳು ಏಳುವುದರೊಳಗೆ ಇದನ್ನು ಮುಗಿಸಬೇಕು.

ಈ ಸಲದ ಕಾಗದ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅದೂ ಇದೂ ಬರೆದು ಕೊನೆಗೆ ಹೇಳದೆ ಉಳಿಸಿಬಿಡುತ್ತೇನೆ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ನೀನು ಕೆಲಸ ಕೇಳಿದ್ದೆಯಲ್ಲ, ಮಂಚದ ಕಾಲು ಕಡೆಯುವ ಆ ಲೇತಿನ ಅಂಗಡಿ, ಅವರು ನಮ್ಮ ಯಜಮಾನರಿಗೆ ನಿನ್ನ ಬಗ್ಗೆ ವಿಚಾರಿಸಿ ಬರೆದಿದ್ದಾರೆ. ಯಜಮಾನರು ಶುಕ್ರವಾರ ಉತ್ತರ ಬರೆಸಿದರು. ಆ ಉತ್ತರ ಅಂಚೆಗೆ ಹೋಗಿಲ್ಲ. ನನ್ನ ಕುಂಚಗಳ ಡಬ್ಬಿಯಲ್ಲಿ, ಕುಂಚಗಳ ಕೆಳಗೆ ಇದೆ. ಅದು ನಿನ್ನ ಪರವಾಗಿ ಇಲ್ಲ. ಹೇಗೆ, ಏಕೆ ಎಂದು ಹೇಳುವುದಕ್ಕೆ ನಾನು ಬಾತುಗಳ ವಿಷಯಕ್ಕೆ ಬರಬೇಕು, ಬಾತುಗಳ ವಿಷಯಕ್ಕೆ ಬರುವುದಕ್ಕೆ ಕಾರ್ಖಾನೆಯ ಹೊಸ ಕೆಲಸದ ವಿಷಯ ಹೇಳಬೇಕು.

ನೀನಿದ್ದಾಗ ನಾನು ಪ್ರಾಣಿಗಳ ಹೊಟ್ಟೆಯ ಕೆಳಗೆ ಸ್ಪ್ಯಾನಿಷ್ ಹೆಸರನ್ನಷ್ಟೇ ಬರೆಯುತ್ತಿದ್ದೆ. ಹಸುವಿಗೆ ಬಾಕಾ, ಕತ್ತೆಗೆ ಬುರ್ರೋ, ಬಾತಿಗೆ ಪಾತೋ. ಅರ್ಥ ಕೇಳದೆ ಗೆರೆ ನೋಡಿ ಗೆರೆ ಎಳೆಯುತ್ತಿದ್ದೆ, ನೀನು "ಚಿತ್ರ ಬರೀತೀಯೋ ಅಕ್ಷರ ಬರೀತೀಯೋ" ಎಂದು ನಗುತ್ತಿದ್ದೆ. ಈಗ ಆಟಿಕೆ ತರಿಸಿಕೊಳ್ಳುವ ಹೊರದೇಶದವರು ಇನ್ನೊಂದು ಕೇಳಿದ್ದಾರೆ. ಪೆಟ್ಟಿಗೆಯ ಹನ್ನೆರಡು ಪ್ರಾಣಿಗಳಿಗೂ ಒಂದೊಂದು ಕಾರ್ಡು ಇರಬೇಕಂತೆ, ಮುಂದೆ ಹೆಸರು, ಹಿಂದೆ ಆ ಭಾಷೆಯ ಜನ ಮನುಷ್ಯರನ್ನು ಯಾವಾಗ ಆ ಪ್ರಾಣಿ ಎಂದು ಕರೆಯುತ್ತಾರೆ ಎನ್ನುವುದು. ಇದಕ್ಕಾಗಿ ಬುಧವಾರ ಬುಧವಾರ ಒಬ್ಬರು ವಯಸ್ಸಾದ ಟೀಚರ್ ಬರುತ್ತಾರೆ. ಬಹಳ ವರ್ಷ ಸ್ಪ್ಯಾನಿಷ್ ಮಾತಾಡುವವರ ಮನೆಯಲ್ಲಿದ್ದು ಅವರ ಮಕ್ಕಳಿಗೆ ಪಾಠ ಹೇಳಿದವರು. ತಮ್ಮ ಚಹಾ ಲೋಟವನ್ನು ತಾವೇ ಕರವಸ್ತ್ರದಲ್ಲಿ ಸುತ್ತಿ ತರುತ್ತಾರೆ. ಅವರು ಹಾಳೆಯಲ್ಲಿ ಬರೆದುಕೊಡುತ್ತಾರೆ, ನಾನು ದಪ್ಪ ಕಾರ್ಡಿನ ಮೇಲೆ ಕುಂಚದಲ್ಲಿ ಬರೆಯುತ್ತೇನೆ, ಅದನ್ನು ನೋಡಿ ಅಚ್ಚು ಮಾಡುತ್ತಾರೆ. ಸುಮ್ಮನೆ ನೋಡಿ ಬರೆದರೆ ಅವರು ಬಿಡುವುದಿಲ್ಲ. "ಅರ್ಥ ಗೊತ್ತಿಲ್ದೆ ಬರೆದ ಅಕ್ಷರ ಗೊತ್ತಾಗ್ತದಮ್ಮಾ, ಮುಖ ಇಲ್ದಿರೋ ಬೊಂಬೆ ಹಾಗಿರ್ತದೆ" ಎಂದು ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಾರೆ.

ನನಗೆ ಅದು ಬಹಳ ಹಿಡಿಸಿತು ಅಣ್ಣಾ. ನಮ್ಮ ಹಾಗೆಯೇ ಅವರಿಗೂ ಕತ್ತೆ ಎಂದರೆ ದಡ್ಡ. ಆದರೆ ಮೈ ಮುರಿದು ದುಡಿಯುವವನೂ ಕತ್ತೆಯೇ. ನಮ್ಮಲ್ಲೂ ಅಷ್ಟೇ ತಾನೆ, ಬೈಯುವುದಕ್ಕೂ ಅದೇ ಪ್ರಾಣಿ, ದುಡಿಸುವುದಕ್ಕೂ ಅದೇ ಪ್ರಾಣಿ. ಹೇಸರಗತ್ತೆ, ಅದು ಮೂಲಾ, ಎಂದರೆ ಹಟಮಾರಿ. ಮೇಕೆಯ ಹಾಗೆ ಆಡುತ್ತಾನೆ ಎಂದರೆ ತಲೆ ಕೆಟ್ಟಿದೆ ಎಂದು. ಬಡಕಲು ಹಸುಗಳು ಎಂದರೆ ಕಷ್ಟದ ಕಾಲ, ಕೊಬ್ಬಿದ ಹಸುಗಳು ಎಂದರೆ ಒಳ್ಳೆಯ ಕಾಲ. ಚಳಿಗೋ ಭಯಕ್ಕೋ ಮೈಮೇಲೆ ಮುಳ್ಳು ಏಳುತ್ತದಲ್ಲ, ಅದಕ್ಕೆ ಕೋಳಿ ಚರ್ಮ ಎನ್ನುತ್ತಾರೆ. ಅದನ್ನು ಕೇಳಿ ನಾನು ತೋಳು ಸವರಿಕೊಂಡು ನೋಡಿದೆ, ನಿಜಕ್ಕೂ ಪುಕ್ಕ ತರಿದ ಕೋಳಿಯ ಹಾಗೇ ಕಾಣುತ್ತದೆ. ನೀನು ಇದ್ದಿದ್ದರೆ ಆ ಕತ್ತೆಯ ಕಿವಿಯನ್ನು ಇನ್ನೂ ಸ್ವಲ್ಪ ಬಾಗಿಸಿ ಕೆತ್ತುತ್ತಿದ್ದೆ ಎಂದು ಅನಿಸಿತು. ಈಗ ಲೇತಿನ ಮೇಲೆ ಇರುವವನು ಎಲ್ಲ ಕಿವಿಗಳನ್ನೂ ಒಂದೇ ಥರ ನೆಟ್ಟಗೆ ನಿಲ್ಲಿಸುತ್ತಾನೆ, ಹನ್ನೆರಡೂ ಪ್ರಾಣಿ ಬಾಗಿಲು ಬಡಿದ ಸದ್ದು ಕೇಳಿ ಬೆಚ್ಚಿದ ಹಾಗಿವೆ.

ಟೀಚರ್ ಹೇಳುವುದನ್ನು ಕೇಳುತ್ತಾ ಕೇಳುತ್ತಾ ನಮ್ಮವರೆಲ್ಲ ಒಬ್ಬರಿಗೊಬ್ಬರು ಹೆಸರಿಡಲು ಶುರು ಮಾಡಿದರು. ವಾರ್ನಿಷಿನವನು ಡಬ್ಬಿಯ ಮುಚ್ಚಳದಲ್ಲಿ ಮುಖ ನೋಡಿಕೊಂಡು ಮೀಸೆ ತೀಡುತ್ತಾನಲ್ಲ, ಅವನು ಪಾಬೋ, ಟರ್ಕಿ ಕೋಳಿ. ಬಣ್ಣ ಕಲೆಸುವ ಬಣ್ಣದಕ್ಕ ತಾನೇ ಮುಂದೆ ಬಂದು "ನಾನು ಮೂಲಾ, ಯಾರೂ ಬದಲಾಯಿಸೋ ಹಾಗಿಲ್ಲ" ಎಂದಳು. ಯಜಮಾನರು ಇಲ್ಲದಾಗ ಅವರಿಗೂ ಒಂದು ಹೆಸರಿದೆ, ಗಾಯೀತೋ, ಎಂದರೆ ಎದೆಯುಬ್ಬಿಸಿ ನಡೆಯುವ ಪುಟ್ಟ ಹುಂಜ. ಅವರು ಅಂಗಳದಲ್ಲಿ ಕೈ ಹಿಂದೆ ಕಟ್ಟಿ ನಡೆಯುವುದನ್ನು ನೆನೆಸಿಕೋ, ನಗು ಬರುತ್ತದೆ. ನನ್ನ ಸರದಿ ಬಂದಾಗ ಯಾರೂ ಯೋಚಿಸಲೇ ಇಲ್ಲ. "ಇವಳು ಗಾಯೀನಾ" ಎಂದ ಪಾಬೋ. ಹೇಂಟೆ ಕೋಳಿ. ಅವರ ಭಾಷೆಯಲ್ಲಿ ಪುಕ್ಕಲರನ್ನು ಹಾಗೆ ಕರೆಯುವುದು. "ಕೋಪ ಮಾಡ್ಕೋಬೇಡ್ವೇ, ಹೇಂಟೆ ಆದ್ರೇನು, ಮೊಟ್ಟೆ ಅಂತೂ ಚೆನ್ನಾಗಿ ಇಡ್ತೀಯ" ಎಂದು ಬಣ್ಣದಕ್ಕ ನನ್ನ ಅಕ್ಷರಗಳನ್ನು ತೋರಿಸಿದಳು. ಎಲ್ಲರೂ ನಕ್ಕರು, ನನಗೂ ಕೋಪ ಬರಲಿಲ್ಲ. ಹತ್ತು ಜನರ ಎದುರು ನನಗೆ ಮಾತಾಡಲಾಗುವುದಿಲ್ಲ, ಅದು ಅವರಿಗೆ ತಿಳಿದದ್ದೇ. ಶಾಲೆಯಲ್ಲಿ ಹಾಜರಿ ಕೂಗಿದಾಗ ನನ್ನ ಬದಲು ಪಕ್ಕದವಳು ಬಂದಿದ್ದೇನೆ ಎನ್ನುತ್ತಿದ್ದಳು.

ಕೋಪ ಬಂದದ್ದು ಮುಂದಿನ ಬುಧವಾರ, ಅದೂ ನನ್ನ ಮೇಲೆ ನನಗೇ. ಆ ದಿನ ಕುರಿಯ ಕಾರ್ಡು. ಕುರಿ ಎಂದರೆ ಸಾಧು, ಆದರೆ ಕಪ್ಪು ಕುರಿ, ಓಬೇಹಾ ನೇಗ್ರಾ, ಎಂದರೆ ಮನೆತನಕ್ಕೆ ಹೆಸರು ಕೆಡಿಸಿದವನು ಎಂದು ಟೀಚರ್ ಹೇಳಿದರು. ಪಾಬೋ ವಾರ್ನಿಷ್ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. "ನಮ್ಮಲ್ಲೂ ಒಂದು ಇತ್ತಲ್ಲ ಟೀಚರ್, ಹಸಿ ಮರಕ್ಕೆ ಒಣಗಿದೆ ಅಂತ ಹಸಿರು ದಾರ ಕಟ್ಟಿ ಓಡಿಹೋಯ್ತು" ಎಂದ. ಯಾರೋ ಕುರಿಯ ಹಾಗೆ ಕೂಗಿದರು. ಎಲ್ಲರೂ ನಕ್ಕರು. ಅಣ್ಣಾ, ನಾನೂ ನಕ್ಕೆ. ಬಾಯಿ ತಾನಾಗಿ ನಕ್ಕಿತು ಎಂದು ಬರೆದರೆ ಅದು ಸುಳ್ಳು. ನಗದೆ ಇದ್ದರೆ ಎಲ್ಲರೂ ನನ್ನ ಕಡೆ ನೋಡುತ್ತಾರೆ ಎಂದು ನಕ್ಕೆ. ಬಣ್ಣದಕ್ಕ ಮಾತ್ರ ನಗಲಿಲ್ಲ. "ಲೇ, ಅವನ ತಂಗಿ ಇಲ್ಲೇ ಕೂತಿದ್ದಾಳೆ, ನಾಚಿಕೆ ಆಗಲ್ವಾ" ಎಂದು ಪಾಬೋಗೆ ಗದರಿದಳು. ಅವನು "ಅವಳೇ ನಗ್ತಿದ್ದಾಳಲ್ಲಕ್ಕಾ" ಎಂದ. ಅದು ನಿಜವಾಗಿತ್ತು.

ಅದಾದ ಮೇಲಿನ ವಾರ, ಎಂದರೆ ಮೊನ್ನೆ ಬುಧವಾರ, ಬಾತಿನ ಕಾರ್ಡು. ಬಾತು ಎಂದರೆ ನಡೆದಲ್ಲೆಲ್ಲ ಎಡವುವವನು ಎಂದು ಮೊದಲು ಹೇಳಿದರು. ಆಮೇಲೆ "ಇನ್ನೊಂದಿದೆ, ಚೆನ್ನಾಗಿದೆ ಕೇಳು" ಎಂದು ಲೋಟ ಕೆಳಗಿಟ್ಟರು. ಬಾತಿನ ದಂಡ ತೆರುವುದು. ಯಾರೋ ಮಾಡಿದ ತಪ್ಪಿಗೆ ಬೇರೆ ಯಾರೋ ತಲೆ ಕೊಟ್ಟರೆ, ಅವನು ಬಾತಿನ ದಂಡ ತೆತ್ತ ಎನ್ನುತ್ತಾರಂತೆ. ಅಷ್ಟು ಪ್ರಾಣಿಗಳಿದ್ದೂ ಬಾತೇ ಏಕೆ ಎಂದು ಅವರಿಗೂ ಸರಿಯಾಗಿ ತಿಳಿಯದು. ನನ್ನ ಕುಂಚ ಹಾಳೆಯ ಮೇಲೆ ನಿಂತಲ್ಲೇ ನಿಂತಿತು, ಬಣ್ಣ ಒಂದು ಚುಕ್ಕೆಯಾಗಿ ಹರಡಿತು. ನನಗೆ ಅರ್ಥವಾಗಲಿಲ್ಲವೆಂದು ಟೀಚರ್ ಇನ್ನೊಮ್ಮೆ ಹೇಳಿದರು. "ನೋಡಮ್ಮಾ, ಲೋಟ ಒಡೆದಿದ್ದು ನೀನು ಅಂದ್ಕೋ, ಬೈಸಿಕೊಂಡಿದ್ದು ನಿಮ್ಮಣ್ಣ ಅಂದ್ಕೋ." ನಾನು ತಲೆ ಎತ್ತಲಿಲ್ಲ. ಪಾಪ, ಮೂರನೇ ಸಲವೂ ಹೇಳಿದರು. ಕೊನೆಗೆ "ಇವತ್ತು ನಿನಗೆ ಹುಷಾರಿಲ್ಲ, ಬಿಡು" ಎಂದು ಹಾಳೆ ತೆಗೆದಿಟ್ಟರು.

ಈಗ ಹೇಳುತ್ತೇನೆ. ಒಣಗಿಸುವ ಕೋಣೆಯ ಆ ತಟ್ಟೆಗೆ ಹಸಿರು ದಾರ ಕಟ್ಟಿದ್ದು ನಾನು.

ಅಮ್ಮನ ಮಂಡಿ ಆಪರೇಷನ್‌ಗೆ ನೀನು ಮೂರು ದಿನ ಆಸ್ಪತ್ರೆಯಲ್ಲಿದ್ದೆಯಲ್ಲ, ಮೊದಲನೇ ದಿನವೇ ನಡೆದದ್ದು. ಬಣ್ಣ ಹಾಕಿ ಮುಗಿಸಿದ ನಲವತ್ತು ಬಾತುಗಳನ್ನು ತಟ್ಟೆಯಲ್ಲಿ ಹೊತ್ತು ಪ್ಯಾಕಿಂಗ್ ಕೋಣೆಗೆ ಇಳಿಯುತ್ತಿದ್ದೆ. ಮೂರನೇ ಮೆಟ್ಟಿಲು ಒರೆಸಿ ಇನ್ನೂ ಒಣಗಿರಲಿಲ್ಲ. ಕಾಲು ಜಾರಿತು, ತಟ್ಟೆ ಹೋಯಿತು. ನನಗೆ ಏನೂ ಆಗಲಿಲ್ಲ, ಮೂವತ್ತೊಂದು ಬಾತಿನ ಕೊಕ್ಕು ಮುರಿಯಿತು. ಎಲ್ಲರೂ ಚಹಾಕ್ಕೆ ಹೋಗಿದ್ದರು, ಯಾರೂ ನೋಡಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತು? ಬಣ್ಣದಕ್ಕ ಒಂದು ಲೋಟ ಚಹಾ ಆರುವಷ್ಟು ಹೊತ್ತು ಬೈಯುತ್ತಿದ್ದಳು, ಯಜಮಾನರು ಎರಡು ದಿನ ತಡವಾಗಿ ಕಳಿಸುತ್ತೇವೆಂದು ಬರೆಯುತ್ತಿದ್ದರು, ಅಷ್ಟೇ. ಇವತ್ತು ಕೂತು ನೋಡಿದರೆ ಅದು ಎಷ್ಟು ಸಣ್ಣದು. ಆದರೆ ಆವತ್ತು ನನಗೆ ಕಂಡದ್ದು ಒಂದೇ, ಎಲ್ಲರೂ ಕೆಲಸ ಬಿಟ್ಟು ನನ್ನ ಕಡೆ ತಿರುಗಿ ನೋಡುವುದು.

ನಾನು ಒಣಗಿಸುವ ಕೋಣೆಗೆ ಹೋದೆ. ನೀನು ಕಡೆದು ಇಟ್ಟಿದ್ದ ಬಾತುಗಳ ಒಂದು ತಟ್ಟೆ ಇತ್ತು, ಕೆಂಪು ದಾರ, ಚೀಟಿಯಲ್ಲಿ ನಿನ್ನ ಅಕ್ಷರದಲ್ಲಿ ತಾರೀಕು. ಲೆಕ್ಕ ಹಾಕಿದೆ, ಇನ್ನೂ ಹನ್ನೊಂದು ದಿನ ಒಣಗಬೇಕಿತ್ತು. ಕೆಂಪನ್ನು ಹಸಿರು ಮಾಡುವ ಅಧಿಕಾರ ಇಡೀ ಕಾರ್ಖಾನೆಯಲ್ಲಿ ನಿನಗೊಬ್ಬನಿಗೇ ಎಂದು ನನಗೆ ಗೊತ್ತಿತ್ತು. ಮರವನ್ನು ಕೆನ್ನೆಗೆ ಒತ್ತಿ ನೋಡುತ್ತೀಯಲ್ಲ, ಅಪ್ಪ ಹೇಳಿಕೊಟ್ಟ ಹಾಗೆ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದು. ನಾನೂ ಒಂದು ಬಾತನ್ನು ಕೆನ್ನೆಗೆ ಒತ್ತಿ ನೋಡಿದೆ. ತಣ್ಣಗೇ ಇತ್ತು. ಆದರೂ ಕೆಂಪು ದಾರ ಬಿಚ್ಚಿ ಹಸಿರು ದಾರ ಕಟ್ಟಿದೆ. ಎರಡು ದಿನ ಊಟಕ್ಕೂ ಏಳದೆ ಬಣ್ಣ ಹಚ್ಚಿದೆ. "ಹುಡುಗಿ ಏನು ದುಡೀತಾಳಪ್ಪಾ" ಎಂದು ಬಣ್ಣದಕ್ಕ ಹೊಗಳಿದಳು. ಕೊಕ್ಕು ಮುರಿದವನ್ನು ತುಂಡು ಮರದ ಚೀಲದಲ್ಲಿ ಹಾಕಿ ಮನೆಗೆ ತಂದೆ. ಆಸ್ಪತ್ರೆಯಿಂದ ನೀವು ಬಂದ ದಿನ ಒಲೆಗೆ ಅವನ್ನೇ ಹಾಕಿ ನೀರು ಕಾಯಿಸಿದೆ. "ಏನೋ ಬಣ್ಣದ ವಾಸನೆ" ಎಂದೆ ನೀನು. ನೀನು ಆ ನೀರಿನಲ್ಲೇ ಸ್ನಾನ ಮಾಡಿ ಮಾರನೇ ದಿನ ಕೆಲಸಕ್ಕೆ ಬಂದೆ. ಒಣಗಿಸುವ ಕೋಣೆಯಲ್ಲಿ ಒಂದು ತಟ್ಟೆ ಕಡಿಮೆ ಇರುವುದನ್ನು ನೋಡಿ "ಮೆಲ್ಲೀ, ಬಾತೆಲ್ಲ ಹೋಯ್ತಾ? ಒಣಗಿದ್ದನ್ನೇ ತಗೊಂಡ್ರು ತಾನೇ?" ಎಂದು ನನ್ನನ್ನು ಕೇಳಿದೆ. ನಾನು ಹೂಂ ಎಂದೆ. ನಾನು ಹೂಂ ಎಂದರೆ ನಿನಗೆ ಅದೇ ಸಾಕಾಗಿತ್ತು. ಹೋಗಿ ಚೀಟಿ ನೋಡಲಿಲ್ಲ.

ಉಳಿದದ್ದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಏಕೆಂದರೆ ನಾನು ನಿಂತಿದ್ದ ಜಾಗದಿಂದ ನೀನು ಅದನ್ನು ನೋಡಿಲ್ಲ. ಆರು ವಾರಕ್ಕೆ ಪೆಟ್ಟಿಗೆಗಳು ವಾಪಸ್ಸು ಬಂದವು, ಬಾತುಗಳು ಕುತ್ತಿಗೆಯಿಂದ ಬಾಲದವರೆಗೆ ಬಿರಿದಿದ್ದವು. ಒಂದು ಮಗು ಬಾಯಿಗೆ ಇಟ್ಟುಕೊಂಡು ತುಟಿ ಸೀಳಿತು ಎಂದು ಜೊತೆಗೆ ಕಾಗದ. ಯಜಮಾನರು ಎಲ್ಲರನ್ನೂ ಅಂಗಳಕ್ಕೆ ಕರೆದರು. ತಟ್ಟೆ ಖಾಲಿಯಾದಾಗ ದಾರವನ್ನು ಬಿಚ್ಚದೆ ಕತ್ತರಿಸಿ, ಚೀಟಿಯ ಸಮೇತ ಮೊಳೆಗೆ ನೇತುಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು, ಅವರು ಮೊಳೆಯಿಂದ ಆ ಚೀಟಿಯನ್ನೇ ತೆಗೆದುಕೊಂಡು ಬಂದಿದ್ದರು. ತಾರೀಕು ಒಂದು ಹೇಳುತ್ತಿತ್ತು, ದಾರ ಇನ್ನೊಂದು. "ಇದನ್ನ ಕಟ್ಟಿದ್ಯಾರು?" ಎಂದರು. ನೀನು ಮುಂದೆ ಹೋಗಿ ಅದನ್ನು ಕೈಗೆ ತೆಗೆದುಕೊಂಡೆ. ನಿನ್ನ ಗಂಟು ಹೊರಗೆ ಕುಣಿಕೆ ಬಿಟ್ಟಿರುತ್ತದೆ, ನನ್ನದು ಅಮ್ಮ ಚೀಲದ ಬಾಯಿಗೆ ಹಾಕುವ ಗಂಟು, ತುದಿ ಒಳಗೆ ಸೇರಿರುತ್ತದೆ. ನೀನು ಗಂಟನ್ನು ನೋಡಿದೆ. ಹೆಬ್ಬೆರಳಲ್ಲಿ ಒಮ್ಮೆ ಸವರಿದೆ. ನನ್ನ ಕಡೆ ನೋಡಲಿಲ್ಲ. ನೀನು "ನಾನೇ" ಎಂದೆ. "ನೀನು ಆಸ್ಪತ್ರೆಯಲ್ಲಿದ್ದೆಯಲ್ಲೋ" ಎಂದರು ಯಜಮಾನರು, ಅವರಿಗೂ ನಂಬಿಕೆ ಬಂದಿರಲಿಲ್ಲ. "ಹೋಗೋ ಮುಂಚೆ ಕಟ್ಟಿ ಹೋದೆ, ಅವಸರ ಇತ್ತಲ್ಲ" ಎಂದೆ. ನಾನು ವಾರ್ನಿಷಿನವನ ಬೆನ್ನ ಹಿಂದೆ ನಿಂತಿದ್ದೆ. ಅವನ ಅಂಗಿಯ ಮೇಲೆ ವಾರ್ನಿಷ್ ಒಣಗಿ ಹೊಳೆಯುತ್ತಿದ್ದ ಒಂದು ಕಲೆ ಇತ್ತು, ಅದನ್ನೇ ನೋಡುತ್ತಿದ್ದೆ. ಮಾತು ಗಂಟಲವರೆಗೆ ಬಂದಿತ್ತು ಎಂದು ಇಷ್ಟು ದಿನ ನನಗೆ ನಾನು ಹೇಳಿಕೊಂಡಿದ್ದೆ. ಬಂದಿರಲಿಲ್ಲ ಅಣ್ಣಾ. ನೀನು "ನಾನೇ" ಎಂದ ಕೂಡಲೇ ನನಗೆ ಮೊದಲು ಆದದ್ದು ಹಗುರ. ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮುಖ ನಾನು ನೋಡಿಕೊಳ್ಳಲಾರೆ.

ಆ ಸಂಜೆ ಅಮ್ಮ ನಿನಗೆ ಅಂದದ್ದನ್ನು ಬಾಗಿಲ ಮರೆಯಲ್ಲಿ ಕೇಳಿದೆ. "ನಿಮ್ಮಪ್ಪ ಕೆನ್ನೆಗೆ ಒತ್ತಿ ಒತ್ತಿ ಹೇಳಿಕೊಟ್ಟದ್ದು ಇದಕ್ಕೇನೋ? ಒಂದು ಮಗುವಿನ ಬಾಯಲ್ಲಿ ರಕ್ತ ಬರಿಸಿದ್ಯಲ್ಲೋ" ಎಂದಳು. ನೀನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಮುಂದಿನ ವಾರ ಊರನ್ನೇ ಬಿಟ್ಟೆ. ಬಸ್ಸು ಹತ್ತುವಾಗ ನೀನು ಹೇಳಿದ್ದು "ಕುಂಚ ತೊಳೆಯೋದು ಮರೀಬೇಡ, ಕೂದಲು ಗಟ್ಟಿಯಾಗ್ತವೆ" ಎಂದು ಮಾತ್ರ. ಅದನ್ನೇ ಹಿಡಿದುಕೊಂಡು, ಅಣ್ಣನಿಗೆ ಗೊತ್ತಿಲ್ಲ, ಗೊತ್ತಿದ್ದರೆ ಹೀಗೆ ಮಾತಾಡುತ್ತಿದ್ದನೆ ಎಂದು ಹತ್ತು ತಿಂಗಳು ಕಳೆದೆ. ಹತ್ತು ತಿಂಗಳಿಂದ ನೀನು ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದೀಯ. ಹಲಗೆಯೂ ಮರವೇ ತಾನೆ ಎಂದು ಒಂದು ಕಾರ್ಡಿನಲ್ಲಿ ತಮಾಷೆ ಮಾಡಿ ಬರೆದಿದ್ದೆ. ಅಮ್ಮನಿಗೆ ಅದನ್ನು ಓದಿ ಹೇಳಲಿಲ್ಲ. ಓದಿದ್ದರೆ ಅವಳು ಸುಮ್ಮನಿರುತ್ತಿದ್ದಳು, ಆ ಸುಮ್ಮನಿರುವುದನ್ನು ನಾನು ನೋಡಬೇಕಾಗುತ್ತಿತ್ತು.

ಇನ್ನು ಶುಕ್ರವಾರದ ವಿಷಯ. ಯಜಮಾನರು ನನ್ನನ್ನು ತಮ್ಮ ಕೋಣೆಗೆ ಕರೆದು ಕೂರಿಸಿದರು. ಮೇಜಿನ ಮೇಲೆ ಲೇತಿನ ಅಂಗಡಿಯವರ ಕಾಗದ. ಈತ ನಿಮ್ಮಲ್ಲಿ ಎಂಟು ವರ್ಷ ಇದ್ದನೆಂದು ಹೇಳುತ್ತಾನೆ, ನೋಡಿದರೆ ಕೈ ಪಳಗಿದೆ, ಆದರೆ ಬಿಟ್ಟದ್ದೇಕೆ ಎಂದರೆ ಬಾಯಿ ಬಿಡುವುದಿಲ್ಲ, ತಿಳಿಸಿ ಎಂದು ಬರೆದಿದ್ದರು. ನೀನು ಅಲ್ಲೂ ಬಾಯಿ ಬಿಟ್ಟಿಲ್ಲ. ಯಜಮಾನರು "ನಿನ್ನಣ್ಣ ಅಂತ ಗೊತ್ತಮ್ಮಾ. ಅದಕ್ಕೇ ನಿನ್ನ ಕೈಲಿ ಬರೆಸ್ತಿರೋದು. ಬೇರೆಯೋರು ಬರೆದ್ರೆ ಒಂದಕ್ಕೆರಡು ಸೇರಿಸ್ತಾರೆ" ಎಂದರು. ಅವರು ಹೇಳಿದರು, ನಾನು ಬರೆದೆ. ಕೈ ಚೆನ್ನಾಗಿದೆ, ನಡತೆಯೂ ಒಳ್ಳೆಯದು, ಆದರೆ ಹಸಿ ಮರವೆಂದು ತಿಳಿದೂ ಅವಸರಕ್ಕೆ ಹಸಿರು ದಾರ ಕಟ್ಟಿದವನು, ಅದರಿಂದ ಒಂದು ಮಗುವಿಗೆ ಗಾಯವಾಯಿತು, ಮರದ ಕೆಲಸ ಒಪ್ಪಿಸುವ ಮುಂಚೆ ಯೋಚಿಸಿ. ಅಷ್ಟನ್ನೂ ದುಂಡಗೆ, ಒಂದು ಕಾಟು ಬೀಳದ ಹಾಗೆ ಬರೆದೆ. ಅವರು ಸುಳ್ಳು ಹೇಳಲಿಲ್ಲ, ಅವರಿಗೆ ಗೊತ್ತಿದ್ದನ್ನು ಹೇಳಿದರು. ಸುಳ್ಳೆಂದು ಗೊತ್ತಿದ್ದೂ ಬರೆದವಳು ನಾನು. "ಹೋಗ್ತಾ ಅಂಚೆಗೆ ಹಾಕಿಬಿಡು" ಎಂದು ಕೊಟ್ಟರು. ಅಂಚೆ ಡಬ್ಬಿಯ ಮುಂದೆ ನಿಂತೆ. ನನ್ನ ಹಿಂದೆ ಒಬ್ಬರು ಕಾಗದ ಹಿಡಿದು ಕಾಯುತ್ತಿದ್ದರು, ನೀವು ಹಾಕಿ ಎಂದು ಜಾಗ ಬಿಟ್ಟು ಮನೆಗೆ ಬಂದೆ.

ಹಾಕದೆ ಇಟ್ಟುಕೊಂಡರೆ ಸಾಕೆ? ಅವರು ಉತ್ತರವಿಲ್ಲವೆಂದು ಇನ್ನೊಮ್ಮೆ ಬರೆಯುತ್ತಾರೆ, ಅಥವಾ ಬೇರೆ ಯಾರನ್ನೋ ಇಟ್ಟುಕೊಳ್ಳುತ್ತಾರೆ. ಹರಿದು ಹಾಕಿದರೆ ನನ್ನ ಅಕ್ಷರ ಹೋಗುತ್ತದೆ, ಯಜಮಾನರ ಮನಸ್ಸಿನಲ್ಲಿ ಇರುವುದು ಹೋಗುವುದಿಲ್ಲ. ದಾರಿ ಇರುವುದು ಒಂದೇ, ಅವರ ಎದುರು ನಿಂತು ಹೇಳುವುದು. ನಿನ್ನೆಯಿಡೀ ಅದನ್ನು ಮನಸ್ಸಿನಲ್ಲೇ ಹೇಳಿ ನೋಡಿದೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಜೋರಾಗಿಯೂ ಒಂದು ಸಲ ಹೇಳಿದೆ, "ಏನೇ ಅದು?" ಎಂದು ಅಮ್ಮ ಕೂಗಿದಳು, ಏನಿಲ್ಲ ಎಂದುಬಿಟ್ಟೆ. ಏನಿಲ್ಲ ಎನ್ನುವುದು ನನಗೆ ಎಷ್ಟು ಸುಲಭವಾಗಿ ಬರುತ್ತದೆ ನೋಡು. ತಪ್ಪು ಒಪ್ಪಿಕೊಳ್ಳುವುದಕ್ಕೆ ಆ ಭಾಷೆಯವರು ಕತ್ತೆಯಿಂದ ಇಳಿಯುವುದು ಎನ್ನುತ್ತಾರಂತೆ, ಟೀಚರ್ ಹೇಳಿದ್ದರು. ಕಾರ್ಡಿನ ಮೇಲೆ ಅದನ್ನು ಬರೆಯುವಾಗ ಎಷ್ಟು ಸಣ್ಣ ಕೆಲಸ ಎಂದುಕೊಂಡೆ, ಕತ್ತೆಯೇನು ಅಷ್ಟು ಎತ್ತರವೆ? ನಾಳೆ ಸೋಮವಾರ. ಹೇಳುತ್ತೇನೆ ಎಂದು ನಿನಗೆ ಮಾತು ಕೊಡಲು ಧೈರ್ಯವಿಲ್ಲ, ಏಕೆಂದರೆ ನನ್ನ ಮಾತನ್ನು ನಂಬಿ ನೀನು ಒಮ್ಮೆ ಕೆಟ್ಟಿದ್ದೀಯ. ಏನೇ ಆಗಲಿ, ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ. ನಿನಗಾದರೂ ಗೊತ್ತಿರಲಿ, ನನಗೆ ಗೊತ್ತಿದೆ ಎಂದು.

ನನ್ನ ಮೇಲೆ ಕೋಪ ಬಂದರೆ ಬರಲಿ. ಬರದಿದ್ದರೇ ನನಗೆ ಕಷ್ಟ. ಏಕೆ "ನಾನೇ" ಎಂದೆ ಎಂದು ಕೇಳುವುದಿಲ್ಲ, ನನಗೆ ಗೊತ್ತು. ನಾನು ಎಲ್ಲರ ಎದುರು ನಿಲ್ಲಲಾರೆ ಎಂದು ಚಿಕ್ಕಂದಿನಿಂದ ನೀನೇ ನನ್ನ ಪರವಾಗಿ ಮಾತಾಡಿದ್ದೀಯ, ಅಂಗಡಿಯಲ್ಲಿ, ಶಾಲೆಯಲ್ಲಿ, ಡಾಕ್ಟರ ಹತ್ತಿರ ಕೂಡ ನನಗೆ ಎಲ್ಲಿ ನೋಯುತ್ತದೆ ಎಂದು ನೀನೇ ಹೇಳುತ್ತಿದ್ದೆ. ಆವತ್ತೂ ಅಭ್ಯಾಸಬಲದಿಂದ ಮಾತಾಡಿಬಿಟ್ಟೆಯೇನೋ. ನಾನೂ ಅಭ್ಯಾಸಬಲದಿಂದ ಬಿಟ್ಟುಕೊಟ್ಟೆ.

ಪ್ರತಿ ಕಾಗದದ ಕೊನೆಗೆ ಅಮ್ಮ ಆಶೀರ್ವಾದ ತಿಳಿಸಿದ್ದಾಳೆ ಎಂದು ಬರೆಯುತ್ತಿದ್ದೆನಲ್ಲ, ಅದು ಅವಳು ಹೇಳಿದ್ದಲ್ಲ, ನಾನೇ ಸೇರಿಸುತ್ತಿದ್ದದ್ದು. ಈ ಸಲ ಸೇರಿಸುವುದಿಲ್ಲ. ಕೆಳಗಿನ ಮನೆಯವರು ಮಾತ್ರ ನಿಜವಾಗಿಯೂ ನಿನ್ನನ್ನು ಕೇಳಿದರು. ಊಟ ತಪ್ಪಿಸಬೇಡ. ಬೆರಳಿಗೆ ಕೊಳೆ ತಾಗಿಸಬೇಡ.

ಕ್ಷಮಿಸು ಎಂದು ಬರೆಯಲು ಕೈ ಬಾರದ,
ನಿನ್ನ ತಂಗಿ,
ಮೆಲ್ಲಿ

ತಾ.ಕ.: ಸೋಮವಾರ, ಹನ್ನೊಂದು ಗಂಟೆ. ಅಂಚೆ ಕಚೇರಿಯ ಮೇಜಿನ ಬಳಿ ನಿಂತು ಅವರ ಪೆನ್ನಿನಲ್ಲಿ ಬರೆಯುತ್ತ ಇದ್ದೇನೆ, ಇಂಕು ಸರಿಯಿಲ್ಲ. ಹೇಳಿದೆ ಅಣ್ಣಾ. ಯಜಮಾನರ ಕೋಣೆಯ ಬಾಗಿಲು ತೆರೆದೇ ಇತ್ತು, ಬಣ್ಣದಕ್ಕ, ಪಾಬೋ ಎಲ್ಲರೂ ಕೇಳಿಸಿಕೊಂಡರು, ತಿರುಗಿಯೂ ನೋಡಿದರು. ಯಜಮಾನರು "ಅವನಿಗೆ ಗೊತ್ತಿತ್ತಾ?" ಎಂದರು. ಗೊತ್ತಿತ್ತು ಎಂದೆ. ಶುಕ್ರವಾರದ ಕಾಗದ ವಾಪಸ್ಸು ಇಸಿದುಕೊಂಡು, ತಾವೇ ಕೂತು ಬೇರೆ ಬರೆದರು. ಎರಡೇ ಸಾಲು: ಎಂಟು ವರ್ಷದಲ್ಲಿ ಇವನ ಕೈಯಿಂದ ಹಸಿ ಮರ ಹೊರಗೆ ಹೋಗಿಲ್ಲ, ಆ ತಪ್ಪು ಬೇರೆಯವರದು. ನಿನ್ನ ಹತ್ತು ತಿಂಗಳ ಬಗ್ಗೆ ಅದರಲ್ಲಿ ಏನೂ ಇಲ್ಲ, ನಾನು ಕೇಳಲೂ ಇಲ್ಲ. ಈಗ ತಾನೇ ಅದನ್ನು ಡಬ್ಬಿಗೆ ಹಾಕಿದೆ, ಗುರುವಾರ ಅಂಗಡಿ ತಲುಪುತ್ತದಂತೆ, ನೀನು ಶುಕ್ರವಾರ ಹೋಗು. ನಾಳೆಯಿಂದ ನಾನು ಕಾರ್ಖಾನೆಗೆ ಹೋಗುವ ಹಾಗಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಇಷ್ಟು ಹೊತ್ತಿಗೇ ಮನೆಗೆ ಹೋದರೆ ಏಕೆ ಬಂದೆ ಎಂದು ಕೇಳುತ್ತಾಳೆ. ಅಲ್ಲಿಂದಲೇ ಶುರು ಮಾಡುತ್ತೇನೆ.